ಮಗನಿಗೆ ಪದೇ ಪದೇ ನೆಗಡಿ: ಪುಡಿ ಡಬ್ಬಿ ಬೇಕಾ?

ಅಕ್ಕಾ, ಶಾಲೆ ಶುರುವಾದ ಮೇಲೆ ಆರು ವರ್ಷದ ಮಗನಿಗೆ ಮೂರು ಸಲ ನೆಗಡಿ ಬಂತು, ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ಕೊಡಲಾ ಅಂತ ಕೇಳಿದ್ದೀರಿ. ಆ ದುಡ್ಡು ಉಳಿಸಿ. ಸಣ್ಣ ಮಕ್ಕಳಿಗೆ ವರ್ಷಕ್ಕೆ 6–8 ಸಲ ನೆಗಡಿ ಬರೋದು ಮಾಮೂಲು. ಶಕ್ತಿ ಕಮ್ಮಿ ಅಂತಲ್ಲ, ಮೈ ಹೊಸ ಹೊಸ ವೈರಸ್‌ಗಳನ್ನು ಗುರುತಿಸಲು ಕಲಿಯುತ್ತಿದೆ.

ನಾನೂ ಶಿರಸಿಯವಳೇ. ನಮ್ಮ ಕಡೆ ಮೊದಲು ನೋಡಬೇಕಾದ್ದು ಬಚ್ಚಲೊಲೆಯ ಹೊಗೆ. ಆಷಾಢದಲ್ಲಿ ಸೌದೆಯೆಲ್ಲ ಒದ್ದೆ. ಎಷ್ಟು ಊದಿದರೂ ಉರಿ ಹತ್ತೋದಿಲ್ಲ, ಹೊಗೆ ಮಾತ್ರ ಮನೆ ತುಂಬ. ಚಳಿ ಅಂತ ಮಕ್ಕಳು ಅದರ ಮುಂದೆಯೇ ಕೂರುತ್ತಾರೆ. ಆ ಹೊಗೆ ಉಸಿರಿನ ದಾರಿಯ ಒಳಪದರವನ್ನು ಕೆಡಿಸುತ್ತದೆ, ಸೋಂಕು ಸುಲಭವಾಗಿ ತಗಲುತ್ತದೆ. ಮಳೆಗೆ ಮುಂಚೆಯೇ ಒಣ ಸೌದೆ ಅಟ್ಟಕ್ಕೇರಿಸಿ, ಮಗಳನ್ನು ಒಲೆಯಿಂದ ದೂರ ಇಟ್ಟ ವರ್ಷ ಅವಳ ರಾತ್ರಿ ಕೆಮ್ಮು ಎಷ್ಟೋ ಇಳಿಯಿತು.

ನಿದ್ದೆ 9ರಿಂದ 12 ಗಂಟೆ ಆಗಲೇಬೇಕು. ಮೊಬೈಲ್ ಬೇಗ ಕಸಿದುಕೊಳ್ಳಿ. ಶಾಲೆಯಿಂದ ಬಂದ ಕೂಡಲೇ ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆಸಿ. ಊಟಕ್ಕೆ ಒಂದೆಲಗದ ತಂಬುಳಿ, ಬಸಳೆ, ಹೆಸರುಕಾಳು ಇರಲಿ. ಸಿಕ್ಕಾಗ ಪೇರಲೆ ಹಣ್ಣು ಕೊಡಿ, ಅದರಲ್ಲಿ ಕಿತ್ತಳೆಗಿಂತ ಜಾಸ್ತಿ ವಿಟಮಿನ್ ಸಿ ಇದೆ. ಕಷಾಯ ಗಂಟಲಿಗೆ ಹಿತ, ಆದರೆ ವೈರಸ್ಸನ್ನು ಕೊಲ್ಲೋದಿಲ್ಲ. ತಾಯಿ ಕಾರ್ಡ್ ಒಮ್ಮೆ ತೆಗೆದು ನೋಡಿ, 5–6 ವರ್ಷಕ್ಕೆ ಹಾಕಿಸುವ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಬೂಸ್ಟರ್ ಆಗಿದೆ ಅಲ್ವಾ?

ಜ್ವರ ಮೂರು ದಿನ ದಾಟಿದರೆ ಅಥವಾ ತೂಕ ಏರದಿದ್ದರೆ ಡಾಕ್ಟರಿಗೆ ತೋರಿಸಿ. ಉಸಿರಾಡುವಾಗ ಪಕ್ಕೆ ಒಳಗೆ ಎಳೆದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ.