ಕ್ರೈಸ್ತ ವಿಶ್ವವಿದ್ಯಾಲಯ ಪಿಎಚ್‌ಡಿ ಓದುವವರಿಗೆ ತಾನೇ ಹಣ ಕೊಡುವುದೇಕೆ?

ಕೊಡದಿದ್ದರೆ ಒಳ್ಳೆಯ ವಿದ್ಯಾರ್ಥಿಗಳು ಬರುವುದಿಲ್ಲ, ಅವರಿಲ್ಲದೆ ಸಂಶೋಧನೆ ಸಾಗುವುದಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿರುವ ಬೇಲರ್ ವಿಶ್ವವಿದ್ಯಾಲಯವನ್ನೇ ನೋಡಿ. 1845ರಲ್ಲಿ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರು ಕಟ್ಟಿದ ಈ ಸಂಸ್ಥೆ ಬಹುಕಾಲ ಪದವಿ ಪಾಠಕ್ಕೇ ಹೆಚ್ಚು ಹೆಸರಾಗಿತ್ತು. 2021ರ ಡಿಸೆಂಬರಿನಲ್ಲಿ ಅದು 'ಆರ್1', ಅಂದರೆ ಅತಿ ಹೆಚ್ಚು ಸಂಶೋಧನೆ ನಡೆಯುವ ವಿಶ್ವವಿದ್ಯಾಲಯಗಳ ಸಾಲಿಗೆ ಸೇರಿತು. 2025ರಿಂದ ಆ ಸಾಲಿನಲ್ಲಿರಲು ವರ್ಷಕ್ಕೆ ಕನಿಷ್ಠ 5 ಕೋಟಿ ಡಾಲರ್ ಸಂಶೋಧನೆಗೆ ಖರ್ಚು ಮಾಡಬೇಕು, ಕನಿಷ್ಠ 70 ಸಂಶೋಧನಾ ಡಾಕ್ಟರೇಟ್ ಪದವಿ ಕೊಡಬೇಕು.

ಪಿಎಚ್‌ಡಿ ವಿದ್ಯಾರ್ಥಿ ಬರೀ ಓದುವವನಲ್ಲ, ಅರ್ಧ ಕೆಲಸಗಾರ. ಬೆಳಿಗ್ಗೆ ಪದವಿ ಹುಡುಗರ ಲ್ಯಾಬ್ ನೋಡಿಕೊಂಡು, ಮಧ್ಯಾಹ್ನ ಪ್ರೊಫೆಸರರ ಪ್ರಯೋಗ ನಡೆಸಿ, ರಾತ್ರಿ ಉತ್ತರಪತ್ರಿಕೆ ತಿದ್ದುತ್ತಾನೆ. ವಿಜ್ಞಾನದಲ್ಲಿ ಅವನ ಸ್ಟೈಪೆಂಡ್ ಅನೇಕ ಸಲ ಸರ್ಕಾರದ ಸಂಶೋಧನಾ ಅನುದಾನದಿಂದ ಬರುತ್ತದೆ. ದೇವತಾಶಾಸ್ತ್ರ, ಇತಿಹಾಸ, ತತ್ವಶಾಸ್ತ್ರಕ್ಕೆ ಅಂಥ ಅನುದಾನ ತೀರಾ ಕಡಿಮೆ. ಕ್ರೈಸ್ತ ಸಂಸ್ಥೆಗೆ ಜೀವಾಳವಾದ ವಿಷಯಗಳೇ ಇವು! ಹೀಬ್ರೂ, ಗ್ರೀಕ್ ಕಲಿತು ಮೂಲಗ್ರಂಥ ಓದಲು ವರ್ಷಗಳೇ ಬೇಕು. ಸಾಲದ ಚಿಂತೆಯಲ್ಲಿ ಅದು ಆಗುವ ಕೆಲಸವಲ್ಲ.

ಇಲ್ಲಿ ನೆರವಿಗೆ ಬರುವುದು ದತ್ತಿನಿಧಿ. ಹಳೆಯ ವಿದ್ಯಾರ್ಥಿಯೋ ಭಕ್ತರೋ ಕೊಟ್ಟ ಅಸಲನ್ನು ಮುಟ್ಟದೆ, ವರ್ಷಕ್ಕೆ ಸುಮಾರು ಶೇ 4–5ರಷ್ಟನ್ನು ಮಾತ್ರ ಖರ್ಚು ಮಾಡುತ್ತಾರೆ. 5 ಲಕ್ಷ ಡಾಲರ್ ಇಟ್ಟರೆ ವರ್ಷಕ್ಕೆ 20ರಿಂದ 25 ಸಾವಿರ ಸಿಗುತ್ತದೆ: ಒಬ್ಬ ವಿದ್ಯಾರ್ಥಿಯ ಊಟ, ಬಾಡಿಗೆಗೆ ಹತ್ತಿರದ ಮೊತ್ತ. ಆದ್ದರಿಂದ ಕಟ್ಟಡಕ್ಕಿಂತ ಇಂಥ ನಿಧಿಗೆ ಕೊಡುವುದೇ ಮೇಲು ಅನ್ನುತ್ತೇನೆ.

ನೀವೇ ಅರ್ಜಿ ಹಾಕುವುದಾದರೆ, ಬೇಸಿಗೆ ತಿಂಗಳುಗಳಿಗೂ ಸ್ಟೈಪೆಂಡ್ ಇದೆಯೇ, ಆರೋಗ್ಯ ವಿಮೆಯ ಕಂತು ಯಾರು ಕಟ್ಟುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.