ನೆರಳು ಅಳೆಸಿದರೆ ಪೋರ್ಶನ್ ಮುಗಿಯುತ್ತದಾ?

ಓದುಗರ ಪತ್ರ: ಮಗಳು ಎಂಟನೇ ಕ್ಲಾಸು. ಅವಳ ಮಾಷ್ಟ್ರು ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆಸುವುದರಲ್ಲೇ ಎರಡು ಪಿರಿಯಡ್ ಕಳೆದರಂತೆ. ನೋಟ್ಸ್ ಕೊಟ್ಟಿಲ್ಲ. ಪ್ರಶ್ನೆ ಕೇಳಿ, ಹುಡುಕಿ ಕಲಿಯುವುದು ಎಂದು ಹೊರಟರೆ ಪೋರ್ಶನ್ ಮುಗಿಯುವುದು ಯಾವಾಗ? ಹಳೆಯ ಪಾಠದಿಂದಲೇ ಅಲ್ವಾ ನಮ್ಮ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ಮುಂದಿರುವುದು?
– ಒಬ್ಬ ತಾಯಿ, ಬ್ರಹ್ಮಾವರ

ಸಂಪಾದಕರ ಉತ್ತರ:

ನಿಮ್ಮ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಇದರ ಹಿಂದೆ ನಮ್ಮ ಶಿಕ್ಷಕರ ಬೆವರಿದೆ. ಆದರೂ ನಾನು ಆ ಮಾಷ್ಟ್ರ ಪರ. ಯಾಕೆ ಎಂದು ಹೇಳಲು ಅವರು ಅಳೆಸಿದ ನೆರಳನ್ನೇ ತೆಗೆದುಕೊಳ್ಳುತ್ತೇನೆ.

ನಡು ಮಧ್ಯಾಹ್ನ ಅಂದರೆ ಹನ್ನೆರಡು ಗಂಟೆ, ಆಗಲೇ ನೆರಳು ಅತಿ ಗಿಡ್ಡ ಎಂದು ಮಕ್ಕಳು ಅಂದುಕೊಂಡಿರುತ್ತಾರೆ. ದೊಡ್ಡವರೂ ಅಷ್ಟೇ. ಕೋಲು ನೆಟ್ಟು ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿದರೆ ಹನ್ನೆರಡು ದಾಟಿದ ಮೇಲೂ ನೆರಳು ಗಿಡ್ಡ ಆಗುತ್ತಲೇ ಇರುತ್ತದೆ. ಉಡುಪಿ ಕಡೆ ಅದು ಅತಿ ಗಿಡ್ಡ ಆಗುವುದು ಸರಾಸರಿ 12.31ಕ್ಕೆ. ‘ಎಂತ ಸರ್, ವಾಚು ತಪ್ಪಾ?’ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ.

ವಾಚು ತಪ್ಪಲ್ಲ. ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಆ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದು ಹೋಗುತ್ತದೆ. ಉಡುಪಿ ಇರುವುದು ಸುಮಾರು 74.75 ಡಿಗ್ರಿಯಲ್ಲಿ. ವ್ಯತ್ಯಾಸ 7.75 ಡಿಗ್ರಿ. ಒಂದು ಡಿಗ್ರಿ ತಿರುಗಲು ಭೂಮಿಗೆ 4 ನಿಮಿಷ ಬೇಕು. ಗುಣಿಸಿದರೆ 31 ನಿಮಿಷ. ಉಡುಪಿ ಆ ಗೆರೆಗಿಂತ ಪಶ್ಚಿಮಕ್ಕಿದೆ, ಹಾಗಾಗಿ ನಡು ಮಧ್ಯಾಹ್ನ ಇಲ್ಲಿ ಅಷ್ಟು ತಡ. ಬೇರೆ ಬೇರೆ ತಿಂಗಳಲ್ಲಿ ಅಳೆದ ಮಕ್ಕಳಿಗೆ ಇನ್ನೊಂದು ಪ್ರಶ್ನೆ ಸಿಗುತ್ತದೆ. ನವೆಂಬರ್ ಮೊದಲ ವಾರದಲ್ಲಿ ಆ ಹೊತ್ತು 12.15ರ ಆಸುಪಾಸು ಬರುತ್ತದೆ, ಫೆಬ್ರವರಿ ನಡುವಿನಲ್ಲಿ 12.45ಕ್ಕೆ. ಭೂಮಿಯ ಅಕ್ಷ ವಾಲಿರುವುದು, ಅದು ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲದಿರುವುದು ಇದಕ್ಕೆ ಕಾರಣ. ಏಪ್ರಿಲ್ 25ರ ಆಸುಪಾಸಿನಲ್ಲಂತೂ ನೆಟ್ಟಗೆ ನಿಂತ ಕೋಲಿಗೆ ಆ ಗಳಿಗೆಯಲ್ಲಿ ನೆರಳೇ ಇರುವುದಿಲ್ಲ. ಶಾಲೆಗೆ ರಜೆ ಇರುತ್ತದೆ, ಮನೆಯಂಗಳದಲ್ಲೇ ನೋಡಬಹುದು.

‘1 ಡಿಗ್ರಿ = 4 ನಿಮಿಷ’ ಎಂದು ಬೋರ್ಡಿನಲ್ಲಿ ಬರೆದು ಈ ಪಾಠವನ್ನು ಐದು ನಿಮಿಷದಲ್ಲಿ ಮುಗಿಸಬಹುದಿತ್ತು. ಮಗಳು ಬಾಯಿಪಾಠ ಮಾಡಿ ಮಾರ್ಕೂ ತೆಗೆಯುತ್ತಿದ್ದಳು. ಆದರೆ ಅದು ಯಾವ ಪ್ರಶ್ನೆಗೆ ಉತ್ತರ ಎಂದು ಅವಳಿಗೆ ಗೊತ್ತಿರುತ್ತಿರಲಿಲ್ಲ. ನನ್ನ ಮಟ್ಟಿಗೆ ವ್ಯತ್ಯಾಸ ಇಷ್ಟೇ, ಆದರೆ ಇದು ದೊಡ್ಡದು: ಒಂದರಲ್ಲಿ ಉತ್ತರ ಮೊದಲು ಬರುತ್ತದೆ, ಇನ್ನೊಂದರಲ್ಲಿ ಪ್ರಶ್ನೆ. ಇನ್ನೂ ಒಂದು ಲಾಭವಿದೆ. ಒಂದು ಗುಂಪಿಗೆ 12.25 ಬರುತ್ತದೆ, ಇನ್ನೊಂದಕ್ಕೆ 12.40. ಯಾರ ಕೋಲು ವಾಲಿತ್ತು, ಯಾರು ಗುರುತು ತಡವಾಗಿ ಹಾಕಿದರು ಎಂದು ಜಗಳವಾಗುತ್ತದೆ. ತನ್ನ ಅಳತೆಯನ್ನೇ ಅನುಮಾನಿಸಿ ಮತ್ತೆ ಅಳೆಯುವ ಅಭ್ಯಾಸ ನೋಟ್ಸಿನಿಂದ ಬರುವುದಿಲ್ಲ.

ಹಾಗಂತ ಕೋಲು ಕೊಟ್ಟು ಮಾಷ್ಟ್ರು ಸ್ಟಾಫ್ ರೂಮಿಗೆ ಹೋದರೆ ಏನೂ ಆಗದು. ಮಾರ್ಗದರ್ಶನ ಇಲ್ಲದ ಹುಡುಕಾಟ ಹೊಸದಾಗಿ ಕಲಿಯುವವರಿಗೆ ಉಪಯೋಗವಿಲ್ಲ ಎಂದು ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಸಂಶೋಧಕರು 2006ರಲ್ಲೇ ಬಲವಾಗಿ ವಾದಿಸಿದ್ದರು. 2016ರಲ್ಲಿ 72 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ಹುಡುಕುವ ಮಕ್ಕಳಿಗೆ ಮಾರ್ಗದರ್ಶನ ಸಿಕ್ಕಾಗ ಕಲಿಕೆ ಚೆನ್ನಾಗಿ ಆಗುತ್ತದೆ ಎಂದೇ ಕಂಡಿತು. ಯಾವುದನ್ನು ಹುಡುಕಿಸಬೇಕು, ಯಾವುದನ್ನು ನೇರ ಹೇಳಬೇಕು ಎಂಬ ತೀರ್ಮಾನವೂ ಶಿಕ್ಷಕರದ್ದೇ. ಮಗ್ಗಿ ಬಾಯಿಪಾಠವೇ ಆಗಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಪರೀಕ್ಷೆಯ ವಿಷಯದಲ್ಲಿ ನಿಮ್ಮ ಮಾತಿಗೆ ತೂಕವಿದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ 16 ಶಾಲೆಗಳಲ್ಲಿ ಪ್ರಯೋಗ ಮಾಡಿ ವಿಜ್ಞಾನ ಕಲಿಸುವ ಕಾರ್ಯಕ್ರಮ ಶುರುವಾಯಿತು. ಅವರು ಪಾಠ ಬದಲಾಯಿಸಿ ಸುಮ್ಮನಾಗಲಿಲ್ಲ, ಪರೀಕ್ಷೆಯನ್ನೂ ಬದಲಾಯಿಸಿದರು. ಮಕ್ಕಳು ಪುಸ್ತಕ ತೆರೆದಿಟ್ಟು ಬರೆಯುತ್ತಿದ್ದರು, ಪ್ರಯೋಗಕ್ಕೂ ಅಂಕವಿತ್ತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು, ಬೇಸರದ ಸಂಗತಿ. ನಮ್ಮಲ್ಲಿ ಪಾಠ ಒಂದು ಥರ, ಪ್ರಶ್ನೆಪತ್ರಿಕೆ ಇನ್ನೊಂದು ಥರ ಆದರೆ ಭಾರ ಬೀಳುವುದು ಮಕ್ಕಳ ಮೇಲೆ. ಇದನ್ನು ಪರೀಕ್ಷೆ ನಡೆಸುವವರು ಸರಿ ಮಾಡಬೇಕು, ಒಬ್ಬ ಮಾಷ್ಟ್ರಿಂದ ಆಗುವ ಕೆಲಸವಲ್ಲ.

ಸದ್ಯಕ್ಕೆ ನೀವು ಶಾಲೆಗೆ ಹೋಗಿ ಒಂದು ವಿಷಯ ವಿಚಾರಿಸಿ. ಅಳತೆ ಆದ ಮೇಲೆ ಮಕ್ಕಳನ್ನು ಕೂರಿಸಿ ಆ 31 ನಿಮಿಷದ ಲೆಕ್ಕ ಮಾಡಿಸಿದ್ದಾರಾ, ಅದನ್ನು ಮಕ್ಕಳು ತಮ್ಮ ಮಾತಿನಲ್ಲಿ ಬರೆದಿದ್ದಾರಾ ಎಂದು. ಬರೆದಿದ್ದರೆ ನಿಮ್ಮ ಮಗಳ ನೋಟ್ಸ್ ಅದೇ. ಬರೆದಿಲ್ಲವಾದರೆ ನಿಮ್ಮ ದೂರು ನ್ಯಾಯವಾದದ್ದು, ಮಾಷ್ಟ್ರಲ್ಲಿ ನೇರವಾಗಿ ಹೇಳಿ.