ಗೇಮ್ ಪ್ರೋಗ್ರಾಮಿಂಗ್‌ಗೆ ಬೇರೆ ಡಿಗ್ರಿಯೇ ಬೇಕೆ, ಕಂಪ್ಯೂಟರ್ ಸೈನ್ಸ್ ಸಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಊರು ಸೋಮವಾರಪೇಟೆ ಹತ್ತಿರ. ಮಗ ದ್ವಿತೀಯ ಪಿಯುಸಿ, ಪಿಸಿಎಂಸಿ. ಓದಿದರೆ ಗೇಮ್ ಪ್ರೋಗ್ರಾಮಿಂಗೇ ಓದುತ್ತೇನೆ ಅಂತ ಬ್ರಿಟನ್ನಿನ ಯಾವುದೋ ಯೂನಿವರ್ಸಿಟಿಯ ಬ್ರೋಷರ್ ಹಿಡಿದು ಕೂತಿದ್ದಾನೆ. ತೋಟದ ಮೇಲೆ ಸಾಲ ತೆಗೆದು ಕಳಿಸಬೇಕೆ, ಇಲ್ಲೇ ಎಲ್ಲಾದರೂ ಕಂಪ್ಯೂಟರ್ ಸೈನ್ಸ್ ಸೇರಿಸಿದರೆ ಆಗದೆ ಅಂತ ಕೇಳಿದ್ದೀರಿ.

ಆಗುತ್ತದೆ. ಕಂಪ್ಯೂಟರ್ ಸೈನ್ಸೇ ಸೇರಿಸಿ. ನಾನೂ ಕೊಡಗಿನಲ್ಲೇ ಬಿಇ ಓದಿ ಈಗ ಬೆಂಗಳೂರಿನಲ್ಲಿ ಗೇಮ್ ಕೋಡ್ ಬರೆದೇ ಬದುಕುತ್ತಿರುವವನು. ಆದರೆ ಕಾಲೇಜಿನ ಮಾತಿಗೆ ಮೊದಲು, ಈ ಕೆಲಸ ಹುಡುಗನಿಗೆ ಒಗ್ಗುತ್ತದೆಯೇ ಅಂತ ಈ ಮಳೆಗಾಲದಲ್ಲೇ ನೋಡಿಬಿಡಿ. ಕಾಫಿ ಕುಡಿಯೋದು ಇಷ್ಟ ಅಂದವನಿಗೆಲ್ಲ ತೋಟದ ಕಪಾತು, ಮರಗಸಿಯಂಥ ಕೊಂಬೆ ಸವರುವ ಕೆಲಸ ಇಷ್ಟವಾಗಬೇಕು ಅಂತೇನಿಲ್ಲವಲ್ಲ.

ಗೇಮ್ ಪ್ರೋಗ್ರಾಮರ್ ದಿನವಿಡೀ ಏನು ಮಾಡುತ್ತಾನೆ ಅಂತ ಒಂದು ಉದಾಹರಣೆಯಲ್ಲೇ ಹೇಳುತ್ತೇನೆ. ಕಾಫಿ ತೋಟಕ್ಕೆ ಕಾಡಾನೆ ಬಂದಿದೆ, ಆಟಗಾರ ಅದರ ಕಣ್ಣು ತಪ್ಪಿಸಿ ಲೈನ್‌ಮನೆ ತಲುಪಬೇಕು. ಇಷ್ಟೇ ಆಟ. ಆನೆಗೆ ಆಟಗಾರ ಕಾಣಿಸುತ್ತಿದ್ದಾನಾ ಇಲ್ಲವಾ ಅಂತ ಕಂಪ್ಯೂಟರಿಗೆ ತಿಳಿಯೋದು ಹೇಗೆ? ಆನೆ ಮುಖ ಮಾಡಿರುವ ದಿಕ್ಕು ಒಂದು ವೆಕ್ಟರ್, ಅಂದರೆ ಉದ್ದ, ದಿಕ್ಕು ಎರಡೂ ಇರುವ ಬಾಣ. ಆನೆಯಿಂದ ಆಟಗಾರನ ಕಡೆಗೆ ಎಳೆದ ಗೆರೆ ಇನ್ನೊಂದು ವೆಕ್ಟರ್. ಎರಡರ ಉದ್ದವನ್ನೂ 1ಕ್ಕೆ ಇಳಿಸಿ ಡಾಟ್ ಪ್ರಾಡಕ್ಟ್ (ಎರಡರ ಆಯಾ ಭಾಗಗಳನ್ನು ಗುಣಿಸಿ ಕೂಡಿಸೋದು) ತೆಗೆದರೆ ನಡುವಿನ ಕೋನದ ಕೊಸೈನ್ ಸಿಗುತ್ತದೆ. ಅದು 0.5ಕ್ಕಿಂತ ಹೆಚ್ಚಿದ್ದರೆ ಆಟಗಾರ ಆನೆಯ ನೇರ ನೋಟದಿಂದ 60 ಡಿಗ್ರಿಯೊಳಗೆ ಇದ್ದಾನೆ, ಅಟ್ಟಿಸಿಕೊಂಡು ಬರಬಹುದು. ಮೈನಸ್ ಬಂದರೆ ಬೆನ್ನ ಹಿಂದಿದ್ದಾನೆ, ಬಚಾವ್. (ನಿಜವಾದ ಆನೆಗೆ ವಾಸನೆಯೇ ಸಾಕು, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.) ಇದು ನಿಮ್ಮ ಮಗ ಈ ವರ್ಷವೇ ಓದುವ ವೆಕ್ಟರ್ ಪಾಠ. ಆನೆಯನ್ನು ತಿರುಗಿಸಲು, ಸೊಂಡಿಲು ಆಡಿಸಲು ಅದೇ ವರ್ಷದ ಗಣಿತದ ಮ್ಯಾಟ್ರಿಕ್ಸ್ (ಅಡ್ಡ-ಉದ್ದ ಸಾಲುಗಳಲ್ಲಿ ಜೋಡಿಸಿದ ಅಂಕಿಗಳು) ಬೇಕು. ಗಣಿತದ ಟ್ಯೂಷನ್ ತಪ್ಪಿಸಿ ಗೇಮ್ ಪ್ರೋಗ್ರಾಮರ್ ಆಗುತ್ತೇನೆ ಅನ್ನುವ ಹುಡುಗರು ನನಗೆ ಆಗಾಗ ಸಿಗುತ್ತಾರೆ. ಅವರಿಗೆ ನಾನು ಈ ಆನೆಯನ್ನೇ ತೋರಿಸೋದು.

ಇನ್ನೊಂದು ಸಂಗತಿ ಸಮಯದ್ದು. ಆಟ ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರ) ಓಡಬೇಕಾದರೆ ಒಂದು ಫ್ರೇಮಿಗೆ ಸಿಗೋದು ಸುಮಾರು 16.6 ಮಿಲಿಸೆಕೆಂಡ್. ಗುಂಡಿ ಒತ್ತಿದ್ದನ್ನು ಗಮನಿಸೋದು, ಆನೆ ಏನು ಮಾಡಬೇಕು ಅಂತ ತೀರ್ಮಾನಿಸೋದು, ಯಾವುದು ಯಾವುದಕ್ಕೆ ಡಿಕ್ಕಿ ಹೊಡೆಯಿತು ಅಂತ ಲೆಕ್ಕ ಹಾಕೋದು, ಕೊನೆಗೆ ಚಿತ್ರ ಬಿಡಿಸೋದು, ಎಲ್ಲಾ ಅಷ್ಟರಲ್ಲೇ ಮುಗಿಯಬೇಕು. ತಪ್ಪಿದರೆ ಆಟ ತಡವರಿಸುತ್ತದೆ, ಆಡುವವನಿಗೆ ಕೂಡಲೇ ಗೊತ್ತಾಗುತ್ತದೆ. ಅದಕ್ಕೇ ದೊಡ್ಡ ಸ್ಟುಡಿಯೋಗಳು ಮೆಮೊರಿ ಮೇಲೆ ನೇರ ಹಿಡಿತ ಕೊಡುವ ಸಿ++ ಭಾಷೆಯನ್ನು ಇವತ್ತಿಗೂ ಬಿಟ್ಟಿಲ್ಲ. ಪ್ರೊಸೆಸರಿಗೆ ಪಕ್ಕದ ಕ್ಯಾಶ್ ಅನ್ನುವ ಪುಟ್ಟ ಮೆಮೊರಿಯಲ್ಲಿರುವ ಮಾಹಿತಿ ಒಂದು ನ್ಯಾನೋಸೆಕೆಂಡ್ ಆಸುಪಾಸಿನಲ್ಲಿ ಸಿಕ್ಕಿದರೆ, ಅದನ್ನೇ ರ್ಯಾಮಿನಿಂದ ತರಲು ನೂರರ ಹತ್ತಿರ ಹೋಗುತ್ತದೆ. ತರುವಾಗ ಅಕ್ಕಪಕ್ಕದ ಮಾಹಿತಿಯೂ ಜೊತೆಗೇ ಕ್ಯಾಶಿಗೆ ಬರುತ್ತದೆ. ಹಾಗಾಗಿ ಸಾವಿರ ಮರಗಳ ಮಾಹಿತಿಯನ್ನು ಮೆಮೊರಿಯಲ್ಲಿ ಸಾಲಾಗಿ ಜೋಡಿಸಿದ್ದೀಯೋ ಚೆಲ್ಲಾಪಿಲ್ಲಿ ಇಟ್ಟಿದ್ದೀಯೋ ಅನ್ನುವುದರ ಮೇಲೆ ಆಟದ ವೇಗ ನಿಲ್ಲುತ್ತದೆ. ಇದನ್ನು ಕಲಿಸೋದು ಕಂಪ್ಯೂಟರ್ ಆರ್ಕಿಟೆಕ್ಚರ್, ಆಪರೇಟಿಂಗ್ ಸಿಸ್ಟಂ, ಡೇಟಾ ಸ್ಟ್ರಕ್ಚರ್ ಪೇಪರ್‌ಗಳು. ಮೂರೂ ಮಾಮೂಲಿ ಬಿಇ ಸಿಲಬಸ್‌ನವೇ.

ಹಾಗಂತ ಗೇಮ್ ಡಿಗ್ರಿ ಅಂದರೆ ಬರೀ ಬೊಗಳೆ ಅಂತ ನಾನು ಹೇಳುವುದಿಲ್ಲ. ಸ್ಕಾಟ್ಲೆಂಡಿನ ಡಂಡಿ ಊರಿನ ಅಬರ್ಟೇ ಯೂನಿವರ್ಸಿಟಿ 1997ರಲ್ಲೇ ಕಂಪ್ಯೂಟರ್ ಗೇಮ್ಸ್ ಡಿಗ್ರಿ ಶುರು ಮಾಡಿತು. ಆ ಊರಿಗೆ ಅದರ ಹಿನ್ನೆಲೆಯೂ ಇತ್ತು: ಝಡ್‌ಎಕ್ಸ್ ಸ್ಪೆಕ್ಟ್ರಂ ಅನ್ನುವ ಹಳೆಯ ಮನೆಬಳಕೆಯ ಕಂಪ್ಯೂಟರುಗಳು ತಯಾರಾಗುತ್ತಿದ್ದದ್ದು ಅಲ್ಲಿನ ಟೈಮೆಕ್ಸ್ ಕಾರ್ಖಾನೆಯಲ್ಲಿ. ನಿಮ್ಮ ಮಗ ಆಡುವ ಗ್ರ್ಯಾಂಡ್ ಥೆಫ್ಟ್ ಆಟೋದ ಮೊದಲ ಆಟ ಹುಟ್ಟಿದ್ದೂ ಅದೇ ಊರಿನ ಡಿಎಂಎ ಡಿಸೈನ್ ಕಂಪನಿಯಲ್ಲಿ. ಗೇಮ್ ಕಲಿಸುವ ಕಾಲೇಜುಗಳಲ್ಲಿ ಅಮೆರಿಕದ ಡಿಜಿಪೆನ್ ಕೂಡ ಹಳೆಯ ಹೆಸರು. ಇಂಥ ಕಡೆ ಎರಡು ಲಾಭ ನಿಜಕ್ಕೂ ಇವೆ. ಚಿತ್ರ ಬಿಡಿಸುವವರು, ಸಂಗೀತದವರು, ಪ್ರೋಗ್ರಾಮರ್‌ಗಳು ಒಂದೇ ತಂಡದಲ್ಲಿ ಜಗಳ ಆಡಿಕೊಂಡು ಆಟ ಮುಗಿಸುವ ಅಭ್ಯಾಸ ಆಗುತ್ತದೆ. ಮನೆಯಲ್ಲಿ ಕೂತವನ ಕೈಗೆ ಸುಲಭಕ್ಕೆ ಸಿಗದ ಕನ್ಸೋಲ್ ಡೆವಲಪ್‌ಮೆಂಟ್ ಕಿಟ್‌ಗಳು (ಪ್ಲೇಸ್ಟೇಷನ್‌ನಂಥ ಆಟದ ಯಂತ್ರಗಳಿಗೆ ಆಟ ತಯಾರಿಸುವ ವಿಶೇಷ ಯಂತ್ರಗಳು) ಕೆಲವು ಯೂನಿವರ್ಸಿಟಿಗಳಲ್ಲಿ ಇರುತ್ತವೆ. ಆದರೆ ಇವೆರಡಕ್ಕಾಗಿ ಹದಿನೆಂಟು ವರ್ಷದವನ ಹೆಸರಿನಲ್ಲಿ ತೋಟ ಅಡವಿಡುವುದು ನನಗೆ ಸರಿ ಕಾಣುವುದಿಲ್ಲ. 2023, 2024ರಲ್ಲಿ ಜಗತ್ತಿನ ದೊಡ್ಡ ದೊಡ್ಡ ಗೇಮ್ ಕಂಪನಿಗಳೇ ಸಾವಿರಾರು ಜನರನ್ನು ಮನೆಗೆ ಕಳಿಸಿವೆ. ಬಿಇ ಮುಗಿದ ಮೇಲೂ ಹುಚ್ಚು ಇಳಿಯದಿದ್ದರೆ ಮಾಸ್ಟರ್ಸ್‌ಗೆ ಹೋಗಲಿ, ಆಗ ಸಾಲ ಅವನದೇ ಹೆಸರಿನಲ್ಲಿ ಇರಲಿ.

ಬೆಂಗಳೂರಿನ ಖಾಸಗಿ ‘ಗೇಮಿಂಗ್ ಡಿಗ್ರಿ’ಗಳ ವಿಷಯದಲ್ಲಿ ನಾನು ಇನ್ನೂ ಜಿಪುಣ. ಕೌನ್ಸೆಲಿಂಗ್‌ನವರ ಮುಂದೆ ಸಿಲಬಸ್ ಬಿಡಿಸಿ ನೋಡಿ. ಲೀನಿಯರ್ ಆಲ್ಜಿಬ್ರಾ (ಆ ವೆಕ್ಟರ್, ಮ್ಯಾಟ್ರಿಕ್ಸ್ ಗಣಿತ) ಎಲ್ಲಿದೆ, ಸಿ++ ಎಷ್ಟು ಸೆಮಿಸ್ಟರ್, ಹಿಂದಿನ ಬ್ಯಾಚಿನವರು ಮಾಡಿದ ಆಟವನ್ನು ಇಲ್ಲೇ ಆಡಿ ನೋಡಬಹುದಾ ಅಂತ ಕೇಳಿ. ಉತ್ತರದ ಬದಲು ಎಸಿ ಲ್ಯಾಬ್ ತೋರಿಸಲು ಕರೆದುಕೊಂಡು ಹೋದರೆ ವಾಪಸ್ ಬಸ್ ಹಿಡಿಯಿರಿ. ಹುಡುಗನ ಒಲವು ಕೋಡಿಗಿಂತ ಆಟದ ರೂಪ, ನಿಯಮ, ಕಥೆಯ ಕಡೆ ಇದ್ದರೆ ಮಾತ್ರ ದಾರಿ ಬೇರೆ. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನ (ಎನ್‌ಐಡಿ) ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಎಂ.ಡೆಸ್ ಇದೆ, ಅದು ಡಿಗ್ರಿ ಆದ ಮೇಲಿನ ಮಾತು.

ಸಿಇಟಿ ಬರೆಯುವಾಗ ಒಂದನ್ನು ಮರೆಯಬೇಡಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೆ ಬೇರೆ ಮೀಸಲು ಇದೆ. ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಡಿ. ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ (ಸಿಐಟಿ) ಎರಡೂ ವಿಟಿಯು ವ್ಯಾಪ್ತಿಯವು, ಎರಡರಲ್ಲೂ ಕಂಪ್ಯೂಟರ್ ಸೈನ್ಸ್ ಇದೆ. ರ್ಯಾಂಕ್ ಚೆನ್ನಾಗಿ ಬಂದು ಮೈಸೂರು, ಬೆಂಗಳೂರಿನಲ್ಲಿ ಸೀಟು ಸಿಕ್ಕರೆ ಹೋಗಲಿ. ಸಿಗದಿದ್ದರೆ ಕೊರಗಬೇಡಿ.

ನಾನು ಓದುವಾಗ ಆರನೇ ಸೆಮಿಸ್ಟರಿನಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬ್ ಇತ್ತು. ಓಪನ್‌ಜಿಎಲ್ ಅನ್ನುವ ಗ್ರಾಫಿಕ್ಸ್ ಸಲಕರಣೆಯಲ್ಲಿ ತಿರುಗುವ ಘನ, ಬ್ರೆಸೆನ್‌ಹ್ಯಾಮ್ ವಿಧಾನದಲ್ಲಿ ಗೆರೆ ಎಳೆಯೋದು, ಕೊನೆಗೆ ಒಂದು ಮಿನಿ ಪ್ರಾಜೆಕ್ಟ್. ಹೆಚ್ಚಿನವರು ಸೀನಿಯರ್‌ಗಳ ಪ್ರಾಜೆಕ್ಟಿಗೆ ಹೆಸರು ಬದಲಿಸಿ ಪ್ರಿಂಟ್ ಹಾಕಿಸುತ್ತಿದ್ದರು. ಗೆರೆ ಎಳೆಯುವ ಆ ಸಣ್ಣ ಕ್ರಮವನ್ನು ಬ್ರೆಸೆನ್‌ಹ್ಯಾಮ್ ಐಬಿಎಂನಲ್ಲಿ 1962ರಲ್ಲಿ ಬರೆದದ್ದು. ಬರೀ ಪೂರ್ಣಾಂಕಗಳ ಕೂಡು-ಕಳೆಯಲ್ಲೇ ಓರೆ ಗೆರೆ ಮೂಡಿಸುತ್ತದೆ. ಅದು ಯಾಕೆ ಕೆಲಸ ಮಾಡುತ್ತದೆ ಅಂತ ಕಾಗದದ ಮೇಲೆ ಬಿಡಿಸಿ ನೋಡಿದ ದಿನ ನನಗೆ ಈ ಕೆಲಸದ ರುಚಿ ಹತ್ತಿತು. ಇಂಟರ್‌ವ್ಯೂನಲ್ಲೂ ಕೇಳಿದ್ದು ಇಂಥದ್ದೇ. ಕಾಲೇಜಿನ ಹೆಸರು ಕೇಳಿ, ಅದು ಎಲ್ಲಿ ಬರುತ್ತದೆ ಅಂತ ಮ್ಯಾಪಿನಲ್ಲಿ ಹುಡುಕಿ, ‘ಓ, ಕೂರ್ಗ್!’ ಅಂದು ಮುಂದಿನ ಪ್ರಶ್ನೆಗೆ ಹೋದರು.

ಕೆಲಸದ ಬಗ್ಗೆ ನಿಮಗೆ ಭಯ ಇರೋದು ಸಹಜ. ಬೆಂಗಳೂರಿನಲ್ಲಿ ‘ಗೇಮಿಂಗ್ ಕಂಪನಿ’ ಅಂತ ಹಣ ಕಟ್ಟಿ ಆಡುವ ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ನವರೂ ದುಡಿಮೆ ಕೊಡುತ್ತಿದ್ದರು. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿತು, ಆ ಬಾಗಿಲು ಮುಚ್ಚಿತು. ನಿಜವಾದ ಆಟಗಳ ಸ್ಟುಡಿಯೋಗಳು ಉಳಿದಿವೆ, ಆದರೆ ಹೊಸಬರಿಗೆ ಸೀಟು ಕಡಿಮೆ. ಅದಕ್ಕೇ ಕಂಪ್ಯೂಟರ್ ಸೈನ್ಸ್ ಅಂದೆ. ಗ್ರಾಫಿಕ್ಸ್, ಸಿ++ ಬರುವವನು ಚಿಪ್ ಕಂಪನಿಗೂ, ಕಾರಿನ ಡಿಸ್‌ಪ್ಲೇ ಮಾಡುವವರಿಗೂ, ಸಿಮ್ಯುಲೇಟರ್ ಕಟ್ಟುವವರಿಗೂ ಬೇಕಾಗುತ್ತಾನೆ.

ಇನ್ನು ಮಳೆಗಾಲದ ಪರೀಕ್ಷೆ. ಜುಲೈನಲ್ಲಿ ಡಿಸಿ ಸಾಹೇಬರು ಹೇಗೂ ಮಳೆ ರಜೆ ಕೊಡುತ್ತಾರೆ. ಆಟ ಕಟ್ಟುವ ಸಾಫ್ಟ್‌ವೇರಿಗೆ ಇಂಜಿನ್ ಅನ್ನುತ್ತಾರೆ. ಅನ್‌ರಿಯಲ್ ಇಂಜಿನ್ ಹತ್ತಾರು ಜಿಬಿ, ನಮ್ಮ ನೆಟ್‌ವರ್ಕಿನಲ್ಲಿ ಇಳಿಯುವ ಹೊತ್ತಿಗೆ ರಜೆ ಮುಗಿದಿರುತ್ತದೆ. ಗೋಡೋ ಇಂಜಿನ್ ಚಿಕ್ಕದು, ಉಚಿತ, ಇನ್‌ಸ್ಟಾಲ್ ಕೂಡ ಬೇಡ, ಇಳಿಸಿದ ಮೇಲೆ ನೆಟ್ ಇಲ್ಲದೆಯೂ ನಡೆಯುತ್ತದೆ. ಅದರಲ್ಲಿ ಒಂದೇ ಪರದೆಯ ಆಟ ಮಾಡಲಿ: ಒಂದು ಆನೆ, ಒಬ್ಬ ಆಟಗಾರ, ಗೆಲುವು, ಸೋಲು, ಸ್ಕೋರ್. ಯೂಟ್ಯೂಬ್ ನೋಡಿ ನಕಲು ಮಾಡಿದ್ದಲ್ಲ, ಅವನದೇ ಆಟ. ಆಮೇಲೆ ಪಕ್ಕದ ಮನೆ ಹುಡುಗನ ಹಳೇ ಕಂಪ್ಯೂಟರಿನಲ್ಲಿ ಓಡಿಸಲಿ. ಅಲ್ಲಿ ಆನೆ ಬಸವನಹುಳುವಿನಂತೆ ತೆವಳಿದರೆ, ಚಲನೆಯನ್ನು ಫ್ರೇಮ್ ಲೆಕ್ಕದಲ್ಲಿ ಬರೆದಿದ್ದಾನೆ, ವೇಗವನ್ನು ಎರಡು ಫ್ರೇಮ್‌ಗಳ ನಡುವೆ ಕಳೆದ ಸಮಯದಿಂದ ಗುಣಿಸಿಲ್ಲ ಅಂತ ಅರ್ಥ. ಅದನ್ನು ತಾನೇ ಪತ್ತೆ ಹಚ್ಚಲು ಎದ್ದು ಊಟಕ್ಕೂ ಬಾರದೆ ಕೂತರೆ ಹುಡುಗ ಈ ಕಡೆಯವನೇ. ಎರಡನೇ ದಿನಕ್ಕೆ ಬೇಸತ್ತು ಮೊಬೈಲ್ ಹಿಡಿದರೆ ಅವನಿಗೆ ಇಷ್ಟ ಇರೋದು ಆಡೋದು, ಅದಕ್ಕೆ ಡಿಗ್ರಿ ಬೇಡ.

ಲ್ಯಾಪ್‌ಟಾಪ್ ಯಾವುದು ಅಂತಲೂ ಕೇಳಿದ್ದೀರಿ. 16 ಜಿಬಿ ರ್ಯಾಮ್, ಎಸ್‌ಎಸ್‌ಡಿ ಇರುವ ಮಾಮೂಲಿಯದು ಮೊದಲ ಎರಡು ವರ್ಷಕ್ಕೆ ಧಾರಾಳ. ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್‌ನ ಬ್ಯಾಟರಿ ಕರೆಂಟ್ ಹೋದ ಮೇಲೆ ಬೇಗ ಕೈಕೊಡುತ್ತದೆ, ಆಷಾಢದಲ್ಲಿ ನಿಮ್ಮ ಕಡೆ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ನಾನು ಹೇಳಬೇಕಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆಗೋದೇ ಇಲ್ಲ ಅಂತ ಮಗ ಹೇಳಿದರೆ, ಆನೆ ಆಟ ಮುಗೀತಾ ಅಂತ ಕೇಳಿ.